ರಷ್ಯಾದ ಯುದ್ಧಕಾಲದ ಪ್ರೇಮಕಥೆ: ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

1941ರಿಂದ 1945ರವರೆಗಿನ ಸೋವಿಯತ್ ರಷ್ಯಾವನ್ನು ಹಿನ್ನೆಲೆಯಾಗಿಟ್ಟುಕೊಂಡು ಕಾದಂಬರಿ, ನಾಟಕ, ಚಿತ್ರಕಥೆ ಬರೆಯಹೊರಟವರಿಗಾಗಿ ಈ ಪುಟ. ಆ ಯುದ್ಧದಲ್ಲಿ ಅಗಲಿದ ಜೋಡಿಗಳನ್ನು ಹಿಡಿದಿಟ್ಟದ್ದು ಅಂಚೆ. ಹಾಗಾಗಿ ಇಲ್ಲಿನ ಬಹಳಷ್ಟು ಉತ್ತರಗಳು ಕಾಗದದ ಸುತ್ತಲೇ ಸುಳಿಯುತ್ತವೆ. ಕಾಗದ ಹೇಗೆ ಹೋಗುತ್ತಿತ್ತು, ಎಲ್ಲಿ ನಿಂತುಬಿಡುತ್ತಿತ್ತು, ಯಾರ ಕೈಗೆ ಸೇರುತ್ತಿರಲಿಲ್ಲ ಎಂಬುದು ಗೊತ್ತಿದ್ದರೆ ಕಥೆಯ ತಿರುವುಗಳನ್ನು ಎಲ್ಲಿಂದಲೋ ತಂದು ಅಂಟಿಸಬೇಕಾಗುವುದಿಲ್ಲ.

ರಷ್ಯಾದ ಯುದ್ಧಗಳು ಹಲವಿವೆ. 1941–45 ಅನ್ನೇ ಯಾಕೆ ಆರಿಸಿಕೊಳ್ಳಬೇಕು?

ಆರಿಸಿಕೊಳ್ಳಲೇಬೇಕೆಂದೇನಿಲ್ಲ. 1812ರ ನೆಪೋಲಿಯನ್ ದಾಳಿಯೂ ಇದೆ, 1914ರ ಮಹಾಯುದ್ಧ ಮತ್ತು ಅದರ ಬೆನ್ನಿಗೇ ಬಂದ ಕ್ರಾಂತಿಯೂ ಇವೆ. ಆದರೆ ಮನೆಮನೆಯನ್ನೂ ಮುಟ್ಟಿದ್ದು 1941ರ ಯುದ್ಧ. ಸೋವಿಯತ್ ದೇಶ ಕಳೆದುಕೊಂಡ ಜೀವಗಳ ಲೆಕ್ಕ ಸುಮಾರು 2 ಕೋಟಿ 66 ಲಕ್ಷ. ಸಾಮಾನ್ಯ ಹುಡುಗ ಹುಡುಗಿಯರ ಸ್ವಂತ ಬರಹವೂ ಈ ಯುದ್ಧದ್ದೇ ಹೆಚ್ಚು ಉಳಿದಿದೆ. ಅರಮನೆಯವರ ಕಥೆ ಬೇಡ, ಕಾರ್ಖಾನೆಯ ಹುಡುಗಿ ಮತ್ತು ಟ್ರ್ಯಾಕ್ಟರ್ ಡ್ರೈವರನ ಕಥೆ ಬೇಕು ಅನ್ನುವವರು ಇಲ್ಲಿಗೇ ಬರಬೇಕು.

ಕಥೆ 22 ಜೂನ್ 1941ರಂದು ಶುರುವಾದರೆ ಏನೇನು ನೆನಪಿಟ್ಟುಕೊಳ್ಳಬೇಕು?

ಜರ್ಮನಿ ದಾಳಿ ಮಾಡಿದ ಆ ದಿನ ಭಾನುವಾರ. ಹಿಂದಿನ ದಿನ ಶನಿವಾರ ಸಂಜೆ ಹಲವು ಊರುಗಳ ಶಾಲೆಗಳಲ್ಲಿ ಹತ್ತನೇ ತರಗತಿ (ಅಲ್ಲಿ ಅದೇ ಶಾಲೆಯ ಕೊನೆಯ ತರಗತಿ) ಮುಗಿಸಿದವರ ಬೀಳ್ಕೊಡುಗೆ, ಕುಣಿತ ನಡೆದಿತ್ತು. ಲೆನಿನ್‌ಗ್ರಾಡಿನಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಆ ವಾರ ರಾತ್ರಿಯಲ್ಲೂ ಬೆಳಕು ಪೂರ್ತಿ ಆರುವುದಿಲ್ಲ. ಹಾಗಾಗಿ 'ಕಗ್ಗತ್ತಲಲ್ಲಿ ಕೈ ಕೈ ಹಿಡಿದು' ಎಂದು ಬರೆಯುವಂತಿಲ್ಲ. ಯುದ್ಧದ ಸುದ್ದಿಯನ್ನು ಮಾಸ್ಕೋ ಕಾಲಮಾನ ಮಧ್ಯಾಹ್ನ 12.15ಕ್ಕೆ ರೇಡಿಯೋದಲ್ಲಿ ಹೇಳಿದವರು ವಿದೇಶಾಂಗ ಸಚಿವ ಮೊಲೊತೊವ್. ಸ್ಟಾಲಿನ್ ಮಾತಾಡಿದ್ದು ಜುಲೈ 3ರಂದು.

ಹೆಚ್ಚಿನವರು ಎಡವುವುದು ವಯಸ್ಸಿನಲ್ಲಿ. ಮೊದಲ ದಿನದ ಸೇನಾ ಕರೆ 1905ರಿಂದ 1918ರ ನಡುವೆ ಹುಟ್ಟಿದವರಿಗೆ, ಅಂದರೆ 23ರಿಂದ 36 ವಯಸ್ಸಿನವರಿಗೆ. ಆಗಷ್ಟೇ ಶಾಲೆ ಮುಗಿಸಿದ 18ರ ಹುಡುಗ ಮರುದಿನವೇ ಸೈನ್ಯ ಸೇರಿದ ಎಂದರೆ ಅವನು ಸ್ವಯಂಸೇವಕನಾಗಿ ಹೆಸರು ಕೊಟ್ಟಿರಬೇಕು. 1922 ಮತ್ತು 1923ರಲ್ಲಿ ಹುಟ್ಟಿದವರಿಗೆ ಕರೆ ಬಂದದ್ದು ಆಗಸ್ಟ್‌ನಲ್ಲಿ. ನಡುವೆ ಒಂದೂವರೆ ತಿಂಗಳ ಅವಕಾಶ ಸಿಗುತ್ತದೆ. ಪ್ರೇಮಕಥೆಗೆ ಈ ಒಂದೂವರೆ ತಿಂಗಳು ತುಂಬ ದೊಡ್ಡದು, ಅದನ್ನು ವ್ಯರ್ಥ ಮಾಡಬೇಡಿ.

ಸೈನಿಕರ ಕಾಗದ ತ್ರಿಕೋನಾಕಾರವಾಗಿತ್ತು ಅನ್ನುತ್ತಾರೆ. ಅದನ್ನು ಮಡಚುವುದು ಹೇಗೆ?

ಲಕೋಟೆ ಸಿಗುತ್ತಿರಲಿಲ್ಲ, ಗೋಂದೂ ಇರಲಿಲ್ಲ. ರಣರಂಗದಿಂದ ಬರುವ ಸಾದಾ ಕಾಗದಕ್ಕೆ ಸ್ಟಾಂಪೂ ಬೇಕಿರಲಿಲ್ಲ. ಹಾಗಾಗಿ ಬರೆದ ಹಾಳೆಯೇ ಲಕೋಟೆಯಾಯಿತು, ನಮ್ಮ ಇನ್‌ಲ್ಯಾಂಡ್ ಲೆಟರಿನ ಹಾಗೆ. ನಾಟಕಕ್ಕೋ ಚಿತ್ರೀಕರಣಕ್ಕೋ ಮಾಡಬೇಕಿದ್ದರೆ ನೋಟ್‌ಬುಕ್ಕಿನ ಹಾಳೆ ತೆಗೆದುಕೊಳ್ಳಿ. 17 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ ಇದ್ದರೆ ಸರಿಹೋಗುತ್ತದೆ.

1. ಹಾಳೆಯನ್ನು ಉದ್ದಕ್ಕೆ, ಬರೆದ ಮುಖ ಮೇಲೆ ಬರುವಂತೆ ಇಡಿ. ಮೇಲಿನ ಬಲ ಮೂಲೆಯನ್ನು ಎಡ ಅಂಚಿಗೆ ತನ್ನಿ. ಮೇಲಂಚು ಎಡ ಅಂಚಿನ ಮೇಲೆ ನೇರವಾಗಿ ಕೂರಬೇಕು.
2. ಈಗ ಮೇಲೆ ಎಡಗಡೆ ಒಂದು ಚೂಪು ತುದಿ ಉಳಿದಿರುತ್ತದೆ. ಅದನ್ನು ಬಲಗಡೆ, ಓರೆ ಮಡಿಕೆ ಬಲ ಅಂಚಿಗೆ ಮುಟ್ಟುವ ಜಾಗಕ್ಕೆ ಇಳಿಸಿ. ಮೇಲೆ ತ್ರಿಕೋನ, ಕೆಳಗೆ ಸುಮಾರು 3 ಸೆಂ.ಮೀ. ಪಟ್ಟಿ ಉಳಿಯುತ್ತದೆ.
3. ಪಟ್ಟಿಯ ಎರಡು ಕೆಳ ಮೂಲೆಗಳನ್ನು ಒಳಕ್ಕೆ ಓರೆಯಾಗಿ ಮಡಚಿ.
4. ಉಳಿದ ಪಟ್ಟಿಯನ್ನು ಮೇಲಕ್ಕೆತ್ತಿ ತ್ರಿಕೋನದ ಪದರಗಳ ನಡುವೆ ತೂರಿಸಿ. ಮಡಿಕೆಯಿಲ್ಲದ ಬೆನ್ನಿನ ಕಡೆ ವಿಳಾಸ ಬರೆಯಿರಿ.

ಮಾಮೂಲಾಗಿ ಆಗುವ ತಪ್ಪು ಎರಡು. ಎ4 ಹಾಳೆ ಬಳಸಿದರೆ ಕೆಳಗಿನ ಪಟ್ಟಿ ಸುಮಾರು 9 ಸೆಂ.ಮೀ. ಆಗಿ ಒಳಗೆ ಕೂರದೆ ಉಬ್ಬುತ್ತದೆ. ಮೊದಲು ಕೆಳಗಿನಿಂದ 5 ಸೆಂ.ಮೀ. ಕತ್ತರಿಸಿಬಿಡಿ. ಇನ್ನೊಂದು, ವಿಳಾಸ ಬೀಳುವ ಜಾಗದಲ್ಲೂ ಕಾಗದ ಬರೆದುಬಿಡುವುದು. ಆ ಭಾಗವನ್ನು ಖಾಲಿ ಬಿಡಬೇಕು. ಎಲ್ಲಿ ಬೀಳುತ್ತದೆ ಎಂದು ತಿಳಿಯಲು ಮೊದಲು ಖಾಲಿ ಹಾಳೆಯೊಂದನ್ನು ಮಡಚಿ ಗುರುತು ಹಾಕಿಕೊಳ್ಳಿ. ಯಾವ ಕಾರಣಕ್ಕೂ ಅಂಟಿಸಬೇಡಿ, ದಾರಿಯಲ್ಲಿ ಸೆನ್ಸಾರಿನವರು ಅದನ್ನು ಬಿಚ್ಚಿ ಓದಬೇಕು.

ಅದರ ಮೇಲೆ ಯಾವ ವಿಳಾಸ ಇರುತ್ತಿತ್ತು?

ಊರಿನ ಹೆಸರಂತೂ ಇರುತ್ತಿರಲಿಲ್ಲ. ಫೀಲ್ಡ್ ಪೋಸ್ಟ್ ನಂಬರು ಮತ್ತು ಸೈನಿಕನ ಹೆಸರು, ಅಷ್ಟೆ. ಯುದ್ಧದ ಮೊದಲ ಘಟ್ಟದಲ್ಲಿ ಅಂಚೆ ಠಾಣೆಯ ನಂಬರಿನ ಜೊತೆ ದಳದ ನಂಬರನ್ನೂ ಬರೆಯುತ್ತಿದ್ದರು. ಅಂಥ ಕಾಗದ ಶತ್ರುವಿನ ಕೈಗೆ ಸಿಕ್ಕರೆ ಯಾವ ದಳ ಎಲ್ಲಿದೆ ಎಂಬ ಗುಟ್ಟು ರಟ್ಟಾಗುತ್ತಿತ್ತು. ಆದ್ದರಿಂದ 1943ರ ಹೊತ್ತಿಗೆ ಪ್ರತಿ ದಳಕ್ಕೂ ಅರ್ಥವಿಲ್ಲದ ಐದಂಕಿಯ ನಂಬರು ಬಂತು. 1941ರ ದೃಶ್ಯದಲ್ಲಿ ಐದಂಕಿಯ ನಂಬರು ತೋರಿಸಿದರೆ ತಿಳಿದವರು ತಟ್ಟನೆ ಹಿಡಿಯುತ್ತಾರೆ.

ಪ್ರೇಯಸಿಯ ಕಡೆಯಿಂದ ನೋಡಿದರೆ ಇದು ಇನ್ನೂ ಕಷ್ಟದ ವಿಷಯ. ಅವನು ದಕ್ಷಿಣದ ಕಾಕಸಸ್ಸಿನಲ್ಲಿದ್ದಾನೋ ಉತ್ತರದ ಲದೋಗಾ ಸರೋವರದ ದಡದಲ್ಲಿದ್ದಾನೋ ಅವಳಿಗೆ ಗೊತ್ತಿಲ್ಲ. ಅವನು ಗಾಯಗೊಂಡು ಆಸ್ಪತ್ರೆ ಸೇರಿದರೆ ಹಳೆಯ ನಂಬರು ಅವನ ಪಾಲಿಗೆ ಸತ್ತ ಹಾಗೆ. ಗುಣವಾದ ಮೇಲೆ ಅದೇ ದಳಕ್ಕೆ ಮರಳುತ್ತಾನೆಂಬ ಖಾತ್ರಿಯೂ ಇಲ್ಲ. ಅವನು ಹೊಸ ವಿಳಾಸ ಬರೆದು ತಿಳಿಸುವ ತನಕ ಅವಳು ಬರೆದದ್ದೆಲ್ಲ ಹಳೆಯ ಜಾಗಕ್ಕೇ ಹೋಗುತ್ತಿರುತ್ತದೆ.

ಕಾಗದದಲ್ಲಿ ಏನು ಬರೆಯಬಹುದಿತ್ತು?

6 ಜುಲೈ 1941ರ ಆದೇಶದ ಪ್ರಕಾರ ಸೇನಾ ಸೆನ್ಸಾರು ಎಲ್ಲ ಕಾಗದವನ್ನೂ ನೋಡುವ ಅಧಿಕಾರ ಪಡೆಯಿತು. 'ಸೇನಾ ಸೆನ್ಸಾರ್ ಪರಿಶೀಲಿಸಿದೆ' ಎಂಬ ಮುದ್ರೆ ಬೀಳುತ್ತಿತ್ತು. ಸ್ಥಳ, ದಳ, ಆಯುಧ, ಸಾವುನೋವು, ಸೋಲು, ಹಸಿವು ಇವುಗಳ ಮಾತು ಬಂದರೆ ಕಪ್ಪು ಮಸಿ ಬಳಿಯುತ್ತಿದ್ದರು. ತೀರಾ ಕೆಟ್ಟದ್ದೆನಿಸಿದರೆ ಕಾಗದವನ್ನೇ ತಡೆಹಿಡಿಯುತ್ತಿದ್ದರು, ಬರೆದವನಿಗೆ ಶಿಕ್ಷೆಯೂ ಆಗಬಹುದಿತ್ತು.

ಇದರಿಂದ ಕಾಗದಗಳಿಗೆ ಒಂದು ವಿಶೇಷ ಧಾಟಿ ಬಂತು. 'ನಾನು ಚೆನ್ನಾಗಿದ್ದೇನೆ, ಆರೋಗ್ಯವಾಗಿದ್ದೇನೆ, ನಿಮಗೂ ಅದನ್ನೇ ಬಯಸುತ್ತೇನೆ' ಎಂದು ಶುರುವಾಗಿ ಅಮ್ಮ, ಅಕ್ಕ, ನೆರೆಮನೆಯವರು ಎಲ್ಲರಿಗೂ ಹೆಸರೆತ್ತಿ ನಮಸ್ಕಾರ ಹೇಳುವುದರಲ್ಲೇ ಅರ್ಧ ಪುಟ ಮುಗಿಯುತ್ತದೆ. ಹಸು ಕರು ಹಾಕಿತೇ, ಆಲೂಗಡ್ಡೆ ಎಷ್ಟು ಚೀಲ ಆಯಿತು, ಮಾಡು ಸೋರುತ್ತಿದೆಯೇ ಎಂದು ಕೇಳುತ್ತಾರೆ. ಪ್ರೀತಿ ಈ ಪ್ರಶ್ನೆಗಳ ಸಂದಿಯಲ್ಲಿರುತ್ತದೆ. ಮೂರನೆಯವರೊಬ್ಬರು ಓದುತ್ತಾರೆಂಬುದು ಇಬ್ಬರಿಗೂ ಗೊತ್ತು, ಬಹಳ ಸಲ ಊರಲ್ಲಿ ಕಾಗದವನ್ನು ಗಟ್ಟಿಯಾಗಿ ಎಲ್ಲರೆದುರು ಓದುವ ವಾಡಿಕೆಯೂ ಇತ್ತು. ಪುಟಗಟ್ಟಲೆ ವಿರಹದ ವರ್ಣನೆ ಬರೆದರೆ ಕಾಲಕ್ಕೂ ಹೊಂದುವುದಿಲ್ಲ, ಪಾತ್ರಕ್ಕೂ ಹೊಂದುವುದಿಲ್ಲ.

ಕಾಗದ ತಲುಪಲು ಎಷ್ಟು ದಿನ? ಯಾಕೆ ತಡವಾಗುತ್ತಿತ್ತು?

ಲೆಕ್ಕ ವಾರಗಳಲ್ಲಿ. ಕೆಲವೊಮ್ಮೆ ತಿಂಗಳುಗಳಲ್ಲಿ. ತಡಕ್ಕೆ ಕಾರಣಗಳು ಒಂದೆರಡಲ್ಲ: ರೈಲುಗಳಲ್ಲಿ ಮದ್ದುಗುಂಡಿಗೇ ಮೊದಲ ಜಾಗ, ದಳ ಜಾಗ ಬದಲಿಸಿರುತ್ತದೆ, ಸೆನ್ಸಾರಿನಲ್ಲಿ ರಾಶಿ ಬಿದ್ದಿರುತ್ತದೆ, ವಸಂತ ಮತ್ತು ಶರತ್ತಿನಲ್ಲಿ ರಸ್ತೆಗಳೆಲ್ಲ ಕೆಸರಾಗಿ ಗಾಡಿಗಳು ಹೂತುಹೋಗುತ್ತವೆ. ಆದರೂ ಸೈನ್ಯದ ಅಂಚೆ ತಿಂಗಳಿಗೆ 7 ಕೋಟಿಯವರೆಗೆ ಕಾಗದ ಸಾಗಿಸಿತೆಂದು ಸಾಮಾನ್ಯವಾಗಿ ಹೇಳುವ ಲೆಕ್ಕ.

ಕಥೆಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ತಡ ಇನ್ನೊಂದಿದೆ. ಜರ್ಮನ್ನರ ವಶದಲ್ಲಿದ್ದ ಊರುಗಳಿಗೂ ಸೋವಿಯತ್ ಸೈನ್ಯಕ್ಕೂ ನಡುವೆ ಅಂಚೆಯೇ ಇರಲಿಲ್ಲ. ಸ್ಮೊಲೆನ್‌ಸ್ಕ್ ಪಟ್ಟಣ ಜುಲೈ 1941ರಲ್ಲಿ ಬಿದ್ದು 25 ಸೆಪ್ಟೆಂಬರ್ 1943ಕ್ಕೆ ಬಿಡುಗಡೆಯಾಯಿತು. ಅಲ್ಲಿನ ಹುಡುಗಿ ಮತ್ತು ಸೈನ್ಯದಲ್ಲಿದ್ದ ಅವಳ ಹುಡುಗ ಎರಡು ವರ್ಷಕ್ಕೂ ಹೆಚ್ಚು ಕಾಲ ಒಬ್ಬರಿಗೊಬ್ಬರು ಬದುಕಿದ್ದಾರೋ ಇಲ್ಲವೋ ತಿಳಿಯದೆ ಇರಬೇಕಾಯಿತು. ಊರು ಬಿಡುಗಡೆಯಾದ ಸುದ್ದಿ ಪತ್ರಿಕೆಯಲ್ಲಿ ನೋಡಿದ ಕೂಡಲೇ ಸೈನಿಕ ಹಳೆಯ ಮನೆ ವಿಳಾಸಕ್ಕೆ ಬರೆಯುತ್ತಾನೆ. ಆ ಮನೆ ನಿಂತಿದೆಯೇ ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಅವಳು ಪೂರ್ವಕ್ಕೆ ವಲಸೆ ಹೋಗಿದ್ದರೆ ಹುಡುಕುವ ದಾರಿ ಬೇರೆ. ವಲಸೆ ಹೋದವರ ಹೆಸರು, ಊರುಗಳ ಪಟ್ಟಿಯನ್ನು ಬುಗುರುಸ್ಲಾನ್ ಎಂಬ ಪಟ್ಟಣದ ಕೇಂದ್ರ ಮಾಹಿತಿ ಕಚೇರಿ ಇಟ್ಟುಕೊಂಡಿತ್ತು. ಅಲ್ಲಿಗೆ ಪೂರ್ತಿ ಹೆಸರು, ಹುಟ್ಟಿದ ವರ್ಷ, ಹಿಂದಿನ ವಾಸದ ಊರು ಬರೆದು ಕೇಳಬೇಕು. ಒಂದೇ ಹೆಸರಿನವರು ಹಲವರಿದ್ದರೆ ಉತ್ತರ ತಪ್ಪಿ ಬೇರೆಯವಳ ವಿಳಾಸ ಬರಬಹುದು.

ನಾಯಕ ರಜೆಯ ಮೇಲೆ ಊರಿಗೆ ಬರಬಹುದೇ?

ಬರಲಾರ ಎಂದೇ ಇಟ್ಟುಕೊಳ್ಳಿ. ಸಾಮಾನ್ಯ ಸೋವಿಯತ್ ಸಿಪಾಯಿಗೆ ಸರದಿಯ ರಜೆ ಇರಲಿಲ್ಲ. ನಾಲ್ಕು ವರ್ಷ ಮನೆಯ ಮುಖ ನೋಡದವರು ಎಷ್ಟೋ ಮಂದಿ. ಜೋಡಿ ಎದುರುಬದುರಾಗಬೇಕಿದ್ದರೆ ನಂಬುವಂಥ ಜಾಗಗಳು ಇವು: ಅವನು ಗಾಯಾಳುವಾಗಿ ಮಲಗಿರುವ ಹಿನ್ನಾಡಿನ ಆಸ್ಪತ್ರೆ, ದಳವನ್ನು ಮತ್ತೆ ಕಟ್ಟಲು ಹಿಂದಕ್ಕೆ ಕಳಿಸಿದಾಗ, ಸೇನಾ ರೈಲು ಅವಳ ಊರಿನ ಸ್ಟೇಷನ್ನಿನಲ್ಲಿ ನಿಂತಾಗ, ಯಾವುದೋ ಸರ್ಕಾರಿ ಕೆಲಸದ ಮೇಲೆ ಕಳಿಸಿದಾಗ. ಶೌರ್ಯಕ್ಕೆ ಬಹುಮಾನವಾಗಿ ಕೆಲವೇ ದಿನದ ರಜೆ ಕೊಟ್ಟ ಉದಾಹರಣೆಗಳು ಅಪರೂಪಕ್ಕೆ ಇವೆ.

ಇದಕ್ಕೆ ದೊಡ್ಡ ಅಪವಾದ ಲೆನಿನ್‌ಗ್ರಾಡ್.

ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಪ್ರೇಮಕಥೆ ಇಟ್ಟರೆ ಯಾವ ವಿವರಗಳು ಬೇಕೇ ಬೇಕು?

ಮುತ್ತಿಗೆ 8 ಸೆಪ್ಟೆಂಬರ್ 1941ರಿಂದ 27 ಜನವರಿ 1944ರವರೆಗೆ. ರಣರಂಗ ಊರಿನ ದಕ್ಷಿಣದ ಅಂಚಿಗೇ ಬಂದು ನಿಂತಿತ್ತು, ಹಾಗಾಗಿ ಕಂದಕದಿಂದ ನಡೆದೇ ಮನೆಗೆ ಬಂದು ತನ್ನ ಪಾಲಿನ ಬ್ರೆಡ್ ಕೊಟ್ಟು ಹೋಗುವ ಗಂಡನನ್ನು ಇಲ್ಲಿ ಬರೆಯಬಹುದು. ಬೇರೆಲ್ಲೂ ಸಾಧ್ಯವಿಲ್ಲ.

ಬ್ರೆಡ್ಡಿನ ತೂಕ ತಪ್ಪಿದರೆ ಓದುಗರು ಕ್ಷಮಿಸುವುದಿಲ್ಲ. 20 ನವೆಂಬರ್‌ನಿಂದ 25 ಡಿಸೆಂಬರ್ 1941ರವರೆಗೆ ದಿನಕ್ಕೆ ಕಾರ್ಮಿಕರಿಗೆ 250 ಗ್ರಾಂ, ಕಚೇರಿ ನೌಕರರು, ಮಕ್ಕಳು ಮತ್ತು ಅವಲಂಬಿತರಿಗೆ 125 ಗ್ರಾಂ. ಆ ಬ್ರೆಡ್ಡಿನಲ್ಲೂ ಹತ್ತಿಬೀಜದ ಹಿಂಡಿ, ಮರದ ಸೆಲ್ಯುಲೋಸ್ ಬೆರೆಸಿತ್ತು, ಹಸಿಯಾಗಿ ಭಾರವಾಗಿತ್ತು. ಆದ್ದರಿಂದ 125 ಗ್ರಾಂ ಎಂದರೆ ಕಣ್ಣಿಗೆ ಕಾಣುವುದು ತೆಳ್ಳನೆಯ ಒಂದು ಚೂರು. 25 ಡಿಸೆಂಬರ್‌ಗೆ ಅದು 350 ಮತ್ತು 200 ಗ್ರಾಂ ಆಯಿತು. ರೇಷನ್ ಕಾರ್ಡ್ ಕಳೆದರೆ ಇನ್ನೊಂದು ಸಿಗುವುದು ಹೆಚ್ಚುಕಡಿಮೆ ಅಸಾಧ್ಯ. ತಿಂಗಳ ಮೊದಲ ವಾರದಲ್ಲಿ ಕಾರ್ಡ್ ಕದ್ದವನು ಕೊಲೆಗಾರನೇ.

ಆ ಚಳಿಗಾಲದಲ್ಲಿ ಟ್ರಾಮ್ ನಿಂತುಹೋಯಿತು, ನಲ್ಲಿ ಹೆಪ್ಪುಗಟ್ಟಿತು, ನೆವಾ ನದಿಯ ಮಂಜುಗಡ್ಡೆಗೆ ತೂತು ಕೊರೆದು ನೀರು ಎಳೆಯಬೇಕಿತ್ತು. ಪ್ರಯಾಣಿಕರ ಟ್ರಾಮ್ ಮತ್ತೆ ಓಡಿದ್ದು 15 ಏಪ್ರಿಲ್ 1942ರಂದು. ಆ ಗಂಟೆಯ ಸದ್ದು ಕೇಳಿ ಜನ ಅತ್ತರು. ರೇಡಿಯೋದಲ್ಲಿ ಮಾತಿಲ್ಲದಾಗ ಮೆಟ್ರೊನೋಮ್ (ತಾಳ ಹಿಡಿಯುವ ಯಂತ್ರ) ಟಿಕ್ ಟಿಕ್ ಎನ್ನುತ್ತಿತ್ತು: ನಿಧಾನವಾಗಿದ್ದರೆ ಅಪಾಯವಿಲ್ಲ, ವೇಗವಾದರೆ ದಾಳಿ.

ಹೊರಹೋಗುವ ದಾರಿ ಲದೋಗಾ ಸರೋವರದ ಮಂಜುಗಡ್ಡೆ. ಒಂದೂವರೆ ಟನ್ ಹೊರುವ ಗಾಜ್ (GAZ) ಲಾರಿಗಳು 22 ನವೆಂಬರ್ 1941ರಿಂದ ಅದರ ಮೇಲೆ ಓಡಿದವು. ಮಂಜು ಒಡೆದರೆ ಹಾರಿಕೊಳ್ಳಲೆಂದು ಡ್ರೈವರುಗಳು ಬಾಗಿಲು ತೆರೆದಿಟ್ಟುಕೊಂಡೇ ಓಡಿಸುತ್ತಿದ್ದರು. 5 ಲಕ್ಷಕ್ಕೂ ಹೆಚ್ಚು ಜನರನ್ನು ಆ ಚಳಿಗಾಲ, ವಸಂತದಲ್ಲಿ ಹೀಗೆ ದಾಟಿಸಿದರು. ಒಂದು ಎಚ್ಚರಿಕೆ: ಹಸಿವಿನಿಂದ ಬಸವಳಿದವರು ಆಚೆ ದಡದಲ್ಲಿ ಒಮ್ಮೆಲೇ ಹೊಟ್ಟೆ ತುಂಬ ಉಂಡು ಸತ್ತದ್ದುಂಟು. ಪಾರಾದ ನಾಯಕಿಯನ್ನು ಹಬ್ಬದೂಟಕ್ಕೆ ಕೂರಿಸಬೇಡಿ. ಹಸಿವು ಆ ಮಟ್ಟಕ್ಕೆ ಹೋದಾಗ ಮೈಯ ಆಸೆಯೂ ಸಾಯುತ್ತದೆ, ಮುಟ್ಟು ನಿಲ್ಲುತ್ತದೆ. 1942ರ ಜನವರಿಯಲ್ಲಿ ಪ್ರೀತಿ ಎಂದರೆ ಇನ್ನೊಬ್ಬರ ಪಾಲಿನ ಬ್ರೆಡ್ ತಂದು ಅದನ್ನು ದಾರಿಯಲ್ಲಿ ಕಚ್ಚದೆ ತಲುಪಿಸುವುದು.

ನಾಯಕಿಯೂ ರಣರಂಗದಲ್ಲಿದ್ದರೆ?

ಸುಮಾರು 8 ಲಕ್ಷ ಹೆಂಗಸರು ಕೆಂಪು ಸೇನೆಯಲ್ಲಿದ್ದರು. ಎಲ್ಲರೂ ನರ್ಸುಗಳಲ್ಲ. ಟೆಲಿಫೋನ್ ತಂತಿ ಎಳೆಯುವವರು, ರಸ್ತೆ ಕೂಡಿದಲ್ಲಿ ಧ್ವಜ ಹಿಡಿದು ಸೇನಾ ವಾಹನ ನಿಯಂತ್ರಿಸುವವರು, ವಿಮಾನ ನಿರೋಧಕ ತೋಪಿನವರು, ಬಟ್ಟೆ ಒಗೆಯುವವರು, ಸ್ನೈಪರ್‌ಗಳು, ಪೈಲಟ್‌ಗಳು. ಗುಂಡಿನ ಸುರಿಮಳೆಯಲ್ಲಿ ತೆವಳಿಕೊಂಡು ಹೋಗಿ ಗಾಯಾಳುಗಳನ್ನು ಎಳೆದು ತರುವವರಿಗೆ ಆಗಸ್ಟ್ 1941ರ ಆದೇಶದಲ್ಲಿ ಲೆಕ್ಕವೇ ಇತ್ತು: 15 ಮಂದಿಯನ್ನು ಅವರ ಬಂದೂಕಿನ ಸಮೇತ ತಂದರೆ ಪದಕ, 80 ಮಂದಿಯನ್ನು ತಂದರೆ 'ಆರ್ಡರ್ ಆಫ್ ಲೆನಿನ್' ಎಂಬ ಉನ್ನತ ಗೌರವ. 'ಬಂದೂಕಿನ ಸಮೇತ' ಎಂಬುದನ್ನು ಗಮನಿಸಿ. ತನಗಿಂತ ಭಾರದ ಗಂಡಸನ್ನು ಎಳೆಯುವ ಇಪ್ಪತ್ತರ ಹುಡುಗಿ ಅವನ ಬಂದೂಕನ್ನೂ ಬಿಡುವಂತಿರಲಿಲ್ಲ.

ಸೈನ್ಯದೊಳಗಿನ ಪ್ರೀತಿಗೆ ಕಹಿ ಮುಖವೂ ಇತ್ತು. ಅಧಿಕಾರಿಯೊಬ್ಬನ ಜೊತೆಗಿದ್ದವಳನ್ನು 'ದಂಡಿನ ಹೆಂಡತಿ' ಎಂದು ಬೆನ್ನ ಹಿಂದೆ ಹಂಗಿಸುತ್ತಿದ್ದರು. ಕೆಲವರು ನಿಜವಾಗಿ ಪ್ರೀತಿಸಿದರು, ಕೆಲವರಿಗೆ ಬೇಡ ಅನ್ನುವ ಸ್ವಾತಂತ್ರ್ಯವೇ ಇರಲಿಲ್ಲ. ಯುದ್ಧ ಮುಗಿದು ಊರಿಗೆ ಬಂದ ಹೆಣ್ಣು ಸೈನಿಕರನ್ನು, ಎದೆಯ ಮೇಲೆ ಪದಕವಿದ್ದವರನ್ನೂ, ಇದೇ ಮಾತು ಹಿಂಬಾಲಿಸಿತು. ಇದನ್ನು ಮುಚ್ಚಿಟ್ಟು ಬರೆದ ಕಥೆ ಅವರಿಗೆ ಅನ್ಯಾಯ ಮಾಡುತ್ತದೆ ಎಂದೇ ನಮ್ಮ ಅಭಿಪ್ರಾಯ.

ಸಾವಿನ ಸುದ್ದಿ ಹೇಗೆ ಬರುತ್ತಿತ್ತು? ಪ್ರೇಯಸಿಗೂ ತಿಳಿಸುತ್ತಿದ್ದರೇ?

ಇಲ್ಲ. ಹಲವು ಹಸ್ತಪ್ರತಿಗಳು ಮುಗ್ಗರಿಸುವುದು ಇಲ್ಲೇ. ದಳದಿಂದ ಹೊರಟ ಅಚ್ಚಾದ ನಮೂನೆ ಜಿಲ್ಲೆಯ ಸೇನಾ ಕಚೇರಿ ಸೇರಿ, ಅಲ್ಲಿಂದ ತಂದೆತಾಯಿಗೋ ದಾಖಲಾದ ಹೆಂಡತಿಗೋ ಹೋಗುತ್ತಿತ್ತು. ಜನ ಅದನ್ನು 'ಪಹರೋಂಕಾ' ಅನ್ನುತ್ತಿದ್ದರು. ಪಿಂಚಣಿಗೆ ಅರ್ಜಿ ಹಾಕಲು ಅದೇ ದಾಖಲೆ. ಮದುವೆಯಾಗದ ಹುಡುಗಿಗೆ ಯಾವ ಕಚೇರಿಯೂ ಏನೂ ಕಳಿಸುವುದಿಲ್ಲ. ಅವಳಿಗೆ ತಿಳಿಯುವ ದಾರಿ ಮೂರು: ತಾನು ಬರೆದ ತ್ರಿಕೋನ ಷರಾ ಬರೆಸಿಕೊಂಡು ಮರಳುವುದು, ಅವನ ಗೆಳೆಯನೊಬ್ಬ ಬರೆಯುವುದು, ಅವನ ತಾಯಿ ಬಾಯಿಬಿಟ್ಟು ಹೇಳುವುದು. ಸತ್ತವನ ಹಳೆಯ ಕಾಗದಗಳು ಸಾವಿನ ಸುದ್ದಿ ಬಂದ ಮೇಲೂ ಬರುತ್ತಿದ್ದವು. ಕಾಗದ ಹಂಚುವ ಹುಡುಗಿಯರು ಕೆಟ್ಟ ನಮೂನೆಯನ್ನು ದಿನಗಟ್ಟಲೆ ಚೀಲದಲ್ಲೇ ಇಟ್ಟುಕೊಂಡದ್ದುಂಟು.

'ಸುಳಿವಿಲ್ಲದೆ ಕಾಣೆಯಾದ' ಎಂಬ ಷರಾ ಇನ್ನೂ ಕ್ರೂರ. 1941ರ ಶರತ್ತಿನಲ್ಲಿ ಕೀವ್ ಮತ್ತು ವ್ಯಾಜ್ಮಾ ಬಳಿ ಲಕ್ಷಾಂತರ ಸೈನಿಕರು ಸುತ್ತುವರಿಯಲ್ಪಟ್ಟಾಗ ಸತ್ತವರು ಯಾರು, ಸೆರೆಯಾದವರು ಯಾರು ಎಂದು ಬರೆಯಲು ದಳದ ಗುಮಾಸ್ತನೇ ಉಳಿದಿರಲಿಲ್ಲ. ಸೈನಿಕನ ಗುರುತಿಗೆಂದು ಕಪ್ಪು ಎಬೊನೈಟಿನ (ಗಟ್ಟಿ ರಬ್ಬರಿನ) ಪುಟ್ಟ ಕೊಳವೆ, ಒಳಗೆ ವಿಳಾಸದ ಚೀಟಿ ಕೊಡುತ್ತಿದ್ದರು. ತುಂಬಿದರೆ ಸಾವು ಖಚಿತ ಎಂಬ ನಂಬಿಕೆಯಿಂದ ಅನೇಕರು ಚೀಟಿಯನ್ನು ಖಾಲಿ ಬಿಟ್ಟರು. ನವೆಂಬರ್ 1942ರಲ್ಲಿ ಆ ಕೊಳವೆಯನ್ನೇ ಕೈಬಿಟ್ಟರು. ಶರಣಾದವನ ಕುಟುಂಬಕ್ಕೆ ಸರ್ಕಾರಿ ನೆರವು ನಿಲ್ಲಿಸಬೇಕೆಂದು 16 ಆಗಸ್ಟ್ 1941ರ 270ನೇ ನಂಬರಿನ ಆದೇಶ ಹೇಳುತ್ತಿತ್ತು. ಹೀಗಾಗಿ ಕಾಣೆಯಾದವನ ಮನೆಯವರು ದುಃಖದ ಜೊತೆಗೆ ಅನುಮಾನದ ನೋಟವನ್ನೂ ಹೊರಬೇಕಾಯಿತು.

ಮದುವೆಯನ್ನು ಎಲ್ಲಿ, ಹೇಗೆ ಮಾಡಿಸಬೇಕು?

ಸರ್ಕಾರಿ ನೋಂದಣಿ ಕಚೇರಿಯಲ್ಲಿ. ಇಬ್ಬರ ಗುರುತಿನ ಪತ್ರ, ಸಹಿ, ಮುದ್ರೆ. ಕೆಲವೇ ನಿಮಿಷದ ಕೆಲಸ. ಬಿಳಿ ಗೌನು, ಉಂಗುರ ನಿರೀಕ್ಷಿಸಬೇಡಿ. 1944ರವರೆಗೆ ನೋಂದಣಿಯಿಲ್ಲದೆ ಗಂಡಹೆಂಡಿರಾಗಿ ಬಾಳಿದರೂ ಕಾನೂನು ಒಪ್ಪುತ್ತಿತ್ತು. 8 ಜುಲೈ 1944ರ ಶಾಸನ ಅದನ್ನು ತೆಗೆದುಹಾಕಿತು: ಆಮೇಲಿಂದ ದಾಖಲಾದ ಮದುವೆಯಷ್ಟೇ ಮದುವೆ. ನೋಂದಣಿಯಿಲ್ಲದೆ ಹುಟ್ಟಿದ ಮಗುವಿಗೆ ತಂದೆಯ ಹೆಸರೂ ಇಲ್ಲ, ಜೀವನಾಂಶವೂ ಇಲ್ಲ. ಅಷ್ಟರಲ್ಲಿ ಗಂಡ ಸತ್ತಿದ್ದರೆ? 10 ನವೆಂಬರ್ 1944ರ ಇನ್ನೊಂದು ಆದೇಶ ಅಂಥವಳಿಗೆ ಕೋರ್ಟಿಗೆ ಹೋಗಿ ತಾನು ಹೆಂಡತಿಯಾಗಿದ್ದೆ ಎಂದು ರುಜುವಾತು ಮಾಡುವ ಅವಕಾಶ ಕೊಟ್ಟಿತು. ಅಲ್ಲಿ ಅವಳು ಸಾಕ್ಷಿಯಾಗಿ ಹಿಡಿದು ನಿಲ್ಲಬಹುದಾದದ್ದು ಅವನ ಕಾಗದಗಳ ಕಟ್ಟು. ಈ ಒಂದು ದೃಶ್ಯದ ಸುತ್ತಲೇ ಇಡೀ ಕಾದಂಬರಿ ಕಟ್ಟಬಹುದು.

ಪಾತ್ರಗಳು ಒಬ್ಬರನ್ನೊಬ್ಬರು ಏನೆಂದು ಕರೆಯಬೇಕು?

ಮರೀಯಾ ಇವಾನೊವ್ನಾ ಪೆತ್ರೊವಾ ಎಂಬ ಶಿಕ್ಷಕಿ ಇದ್ದಾಳೆನ್ನಿ. ಇವಾನೊವ್ನಾ ಎಂದರೆ ಇವಾನನ ಮಗಳು. ವಿದ್ಯಾರ್ಥಿಗಳು 'ಮರೀಯಾ ಇವಾನೊವ್ನಾ' ಅನ್ನುತ್ತಾರೆ, ಗೆಳತಿಯರಿಗೆ ಅವಳು ಮಾಷಾ, ಪ್ರೀತಿಸುವವನಿಗೆ ಮಾಶೆಂಕಾ. ಅವಳ ಅಣ್ಣನ ಮನೆತನದ ಹೆಸರು ಪೆತ್ರೊವ್, ಕೊನೆಯ 'ಆ' ಹೆಂಗಸರಿಗೆ ಮಾತ್ರ. ಅವನು ಅವಳನ್ನು 'ನೀವು' ಎನ್ನುವುದನ್ನು ಬಿಟ್ಟು 'ನೀನು' ಅನ್ನುವ ಗಳಿಗೆಯನ್ನು ಕನ್ನಡದಲ್ಲಿ ಇದ್ದ ಹಾಗೆಯೇ ತರಬಹುದು.

ಮೇಲಿಂದ ಮೇಲೆ ಕಾಣುವ ತಪ್ಪುಗಳು?

1942ರ ಅಧಿಕಾರಿಗೆ ಹೆಗಲ ಪಟ್ಟಿ ತೊಡಿಸುವುದು (ಅದು ಬಂದದ್ದು ಜನವರಿ 1943ರಲ್ಲಿ). ಮನೆಯಲ್ಲಿ ರೇಡಿಯೋ ಸೆಟ್ ತಿರುಗಿಸುವುದು. ಯುದ್ಧ ಶುರುವಾದ ಕೆಲವೇ ದಿನದಲ್ಲಿ ಖಾಸಗಿ ಸೆಟ್ಟುಗಳನ್ನು ಒಪ್ಪಿಸಬೇಕಾಯಿತು, ಗೋಡೆಯ ತಂತಿ ಸ್ಪೀಕರ್ ಮಾತ್ರ ಉಳಿಯಿತು. ಆಗಿನ ಲೆನಿನ್‌ಗ್ರಾಡನ್ನು ಪೀಟರ್ಸ್‌ಬರ್ಗ್ ಎನ್ನುವುದು. 1942ರಲ್ಲಿ ಸೈನಿಕ ಮನೆಗೆ ಪಾರ್ಸೆಲ್ ಕಳಿಸುವುದು. ಅದಕ್ಕೆ ಅನುಮತಿ ಸಿಕ್ಕಿದ್ದು 1945ರ ಶುರುವಿನಲ್ಲಿ, ಸಿಪಾಯಿಗೆ ತಿಂಗಳಿಗೆ 5 ಕೆ.ಜಿ., ಅಧಿಕಾರಿಗೆ 10 ಕೆ.ಜಿ.

ಆಧಾರವಾಗಿ ಇಟ್ಟುಕೊಳ್ಳಬಹುದಾದ ನಿಜ ಜೀವನ ಯಾವುದು?

ಮರೀಯಾ ಒಕ್ತ್ಯಾಬ್ರ್‌ಸ್ಕಯಾ ಅವರದ್ದು. ಗಂಡ ಸೇನಾಧಿಕಾರಿ, 1941ರಲ್ಲಿ ಸತ್ತರು. ಸುದ್ದಿ ಸೈಬೀರಿಯಾದ ತೋಮ್‌ಸ್ಕ್‌ನಲ್ಲಿದ್ದ ಇವರಿಗೆ ತಡವಾಗಿ ಮುಟ್ಟಿತು. ಇದ್ದದ್ದನ್ನೆಲ್ಲ ಮಾರಿ 50,000 ರೂಬಲ್ ಒಟ್ಟುಮಾಡಿ ಒಂದು ಟಿ-34 ಟ್ಯಾಂಕಿಗೆ ಕೊಟ್ಟರು. ಅದಕ್ಕೆ 'ರಣಸಂಗಾತಿ' ಎಂಬರ್ಥದ ಹೆಸರಿಡಬೇಕು, ಅದನ್ನು ಓಡಿಸಲು ತನ್ನನ್ನೇ ಕಳಿಸಬೇಕು ಎಂದು ಸ್ಟಾಲಿನ್‌ಗೆ ಬರೆದರು. ತರಬೇತಿ ಪಡೆದು ಅಕ್ಟೋಬರ್ 1943ರಲ್ಲಿ ಮೊದಲ ಕದನಕ್ಕಿಳಿದರು. ಜನವರಿ 1944ರಲ್ಲಿ ಒಡೆದ ಟ್ಯಾಂಕಿನ ಸರಪಳಿ ಸರಿಮಾಡಲು ಹೊರಗಿಳಿದಾಗ ತಲೆಗೆ ಸಿಡಿಗುಂಡಿನ ಚೂರು ಬಡಿಯಿತು. 15 ಮಾರ್ಚ್ 1944ರಂದು ತೀರಿಕೊಂಡರು.

ಗೆಲುವಿನ ದಿನಕ್ಕೇ ಕಥೆ ಮುಗಿಸಬಹುದೇ?

9 ಮೇ 1945ಕ್ಕೆ ಯಾರೂ ಮನೆಗೆ ಬರಲಿಲ್ಲ. ಸೈನ್ಯದಿಂದ ಬಿಡುಗಡೆ ಮಾಡುವ ಶಾಸನ ಬಂದದ್ದು ಜೂನ್ 23ಕ್ಕೆ, ಅದೂ ಹಿರಿಯ ವಯಸ್ಸಿನವರಿಗೆ ಮೊದಲು. 1923ರಲ್ಲಿ ಹುಟ್ಟಿದ ನಿಮ್ಮ ನಾಯಕ 1947ರವರೆಗೂ ಸಮವಸ್ತ್ರದಲ್ಲೇ ಇರಬಹುದು. ಜರ್ಮನ್ನರಿಗೆ ಸೆರೆಯಾಗಿದ್ದವನಾದರೆ ಮೊದಲು ಸೋವಿಯತ್ ವಿಚಾರಣಾ ಶಿಬಿರ. 1959ರ ಜನಗಣತಿಯಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ 2 ಕೋಟಿಗೂ ಹೆಚ್ಚಿತ್ತು. ಕಾದು ಕೂತವರಲ್ಲಿ ಎಷ್ಟು ಜನರ ಮನೆಗೆ ಯಾರೂ ಬರಲಿಲ್ಲ ಎಂಬುದನ್ನು ಆ ಒಂದು ಅಂಕಿ ಹೇಳುತ್ತದೆ.

ದಾಖಲೆಗಳನ್ನು ಇಲ್ಲಿಂದಲೇ ನೋಡಲು ಸಾಧ್ಯವೇ?

ಸಾಧ್ಯ. ರಷ್ಯಾದ ರಕ್ಷಣಾ ಇಲಾಖೆಯ 'ಮೆಮೊರಿಯಲ್' ಮತ್ತು 'ಪಾಮ್ಯತ್ ನರೋದಾ' ಜಾಲತಾಣಗಳಲ್ಲಿ ಸತ್ತವರ, ಕಾಣೆಯಾದವರ ಮೂಲ ಪಟ್ಟಿಗಳು, ಪದಕದ ಶಿಫಾರಸುಗಳು ಚಿತ್ರರೂಪದಲ್ಲಿವೆ. ಹೆಸರನ್ನು ರಷ್ಯನ್ ಲಿಪಿಯಲ್ಲೇ ಟೈಪ್ ಮಾಡಬೇಕು: ಮನೆತನದ ಹೆಸರು, ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ, ಆದ್ದರಿಂದ ಒಂದೆರಡು ಅಕ್ಷರ ಬದಲಿಸಿ, ವರ್ಷವನ್ನು ಒಂದೆರಡು ಹಿಂದೆ ಮುಂದೆ ಮಾಡಿ ಮತ್ತೆ ಹುಡುಕಿ. ಪಟ್ಟಿಯಲ್ಲಿ ಕೊನೆಯ ಅಂಕಣ ನೋಡಿ: ಬಂಧು ಯಾರು, ಅವರ ವಿಳಾಸ ಏನು ಎಂದು ಅಲ್ಲಿರುತ್ತದೆ. ಎಷ್ಟೋ ಹುಡುಗರ ಎದುರು ಅಲ್ಲಿ ತಾಯಿಯ ಹೆಸರೇ ಇದೆ.